ಐದು ನಿಮಿಷದ ಅತಿಥಿಗಳು: ನಮ್ಮ ಕನ್ನಡ ಸಂಘಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ ಮತ್ತು ಸಿಡ್ನಿಯ ಪಶ್ಚಿಮ ಬಡಾವಣೆಗಳಿಂದ ಪ್ರತಿವರ್ಷ ರಾಜ್ಯೋತ್ಸವಕ್ಕೆ ಟಿಕೆಟ್ ಕೊಂಡು ಬರುವ ಕನ್ನಡಿಗರಿಗೆ,

ನಮಸ್ಕಾರ.

ಈ ವರ್ಷದ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಯ ಕರಡು ನನ್ನ ಕೈಸೇರಿದೆ. ಮೈಕು, ಧ್ವನಿವರ್ಧಕಗಳ ಹೊಣೆ ಎಂದಿನಂತೆ ನನ್ನ ಪಾಲಿಗೆ ಬಂದಿರುವುದರಿಂದ ಪ್ರತಿ ಸಾಲನ್ನೂ ನಿಮಿಷದ ಲೆಕ್ಕ ಹಾಕಿಯೇ ಓದುತ್ತೇನೆ. ನಾಡಗೀತೆ, ದೀಪ ಬೆಳಗುವುದು, ಅಧ್ಯಕ್ಷರ ಮಾತು, ಪ್ರಾಯೋಜಕರಿಗೆ ಸನ್ಮಾನ, ಮಕ್ಕಳ ನೃತ್ಯ, ಬೆಂಗಳೂರಿನಿಂದ ಬರುವ ಗಾಯಕರ ಎರಡು ಗಂಟೆಗಳ ರಸಸಂಜೆ, ಊಟ. ಇವೆಲ್ಲಕ್ಕಿಂತ ಮೊದಲು, ಬಾಗಿಲು ತೆರೆದು ಜನ ಇನ್ನೂ ಕುರ್ಚಿ ಹುಡುಕುತ್ತಿರುವ ಹೊತ್ತಿಗೆ, ಒಂದು ಸಾಲು ಇದೆ: ‘ಮೂಲನಿವಾಸಿ ಸಂಗೀತ ಮತ್ತು ಸ್ವಾಗತ, 5 ನಿಮಿಷ, ಸಾಂಪ್ರದಾಯಿಕ ವೇಷದಲ್ಲಿ’. ಸಂಭಾವನೆಯ ಕಾಲಂನಲ್ಲಿ ‘ಶಾಲು, ಹಾರ, ಫಲತಾಂಬೂಲ’ ಎಂದು ಬರೆದಿದ್ದೀರಿ.

ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ. ಸಮಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿದ್ದರೆ ಶುಭೋದಯದ ಚಿತ್ರಗಳ ನಡುವೆ ಎಲ್ಲೋ ಹೂತುಹೋಗುತ್ತಿತ್ತು. ಅಲ್ಲದೆ ಇದು ನಮ್ಮೊಂದು ಸಂಘಕ್ಕೆ ಮಾತ್ರ ಅಂಟಿದ ಚಾಳಿಯೂ ಅಲ್ಲ; ಇಲ್ಲಿನ ಭಾರತೀಯರ ದೀಪಾವಳಿ, ಹೋಳಿ, ಯುಗಾದಿ ವೇದಿಕೆಗಳಲ್ಲೆಲ್ಲ ಇದೇ ಸಾಲನ್ನು ಸ್ವಲ್ಪ ಬೇರೆ ಮಾತಿನಲ್ಲಿ ಕಂಡಿದ್ದೇನೆ.

ನನ್ನ ಕೋರಿಕೆ ಇಷ್ಟೇ. ಮೂಲನಿವಾಸಿ ಕಲಾವಿದರನ್ನು ಖಂಡಿತ ಕರೆಯಿರಿ. ಆದರೆ ಬೆಂಗಳೂರಿನ ಗಾಯಕರನ್ನು ಹೇಗೆ ಕರೆಯುತ್ತೀರೋ ಹಾಗೆಯೇ ಕರೆಯಿರಿ. ಆ ಗಾಯಕರಿಗೆ ಆರು ತಿಂಗಳ ಮೊದಲು ಪತ್ರ ಹೋಗುತ್ತದೆ, ಮುಂಗಡ ಹೋಗುತ್ತದೆ. ಯಾವ ಹಾಡು ಹಾಡಬೇಕು ಎಂಬುದನ್ನು ಬಹುಮಟ್ಟಿಗೆ ಅವರಿಗೇ ಬಿಡುತ್ತೇವೆ. ಮಧ್ಯಾಹ್ನವೇ ಸಭಾಂಗಣಕ್ಕೆ ಕರೆತಂದು ಮೈಕು ಪರೀಕ್ಷೆ ಮಾಡಿಸುತ್ತೇವೆ, ತಬಲಾದ ಶ್ರುತಿಗೆ ಎಷ್ಟು ಹೊತ್ತು ಬೇಕಾದರೂ ಕಾಯುತ್ತೇವೆ. ಅವರು ಜುಬ್ಬಾ ತೊಟ್ಟು ಬರಲಿ, ಜೀನ್ಸ್ ತೊಟ್ಟು ಬರಲಿ, ಯಾರೂ ಚಕಾರ ಎತ್ತುವುದಿಲ್ಲ. ಇಲ್ಲೇ ಹತ್ತು ಮೈಲಿ ಆಚೆ ಇರುವ, ಈ ನೆಲದವರೇ ಆದ ಸಂಗೀತಗಾರರಿಗೆ ಮಾತ್ರ ಐದು ನಿಮಿಷ, ಒಂದು ಶಾಲು, ವೇಷದ ನಿಬಂಧನೆ. ಇದು ಯಾವ ನ್ಯಾಯ?

‘ಪಾಪ, ಗೌರವದಿಂದಲೇ ಕರೆದಿದ್ದೇವಲ್ಲ’ ಎಂದು ನೀವು ಹೇಳುವುದು ನನಗೆ ಗೊತ್ತು. ನಿಮ್ಮ ಗೌರವದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಊರಿನಲ್ಲಿ ಮೂಲನಿವಾಸಿಗಳನ್ನು ‘ಗೌರವದಿಂದ’ ಹಬ್ಬಕ್ಕೆ ಕರೆಯುವುದಕ್ಕೆ ಇನ್ನೂರು ವರ್ಷಕ್ಕೂ ಮಿಕ್ಕ ಚರಿತ್ರೆ ಇದೆ. ಅದು ನಾವು ಬಾಡಿಗೆಗೆ ಹಿಡಿಯುವ ಸಭಾಂಗಣದ ಹತ್ತಿರವೇ ಶುರುವಾದದ್ದು.

1814ರ ಡಿಸೆಂಬರ್ 28ರಂದು ಇಲ್ಲಿನ ಬ್ರಿಟಿಷ್ ವಸಾಹತಿನ ಗವರ್ನರ್ ಮ್ಯಾಕ್ವಾರಿ ಪ್ಯಾರಮಾಟಾದಲ್ಲಿ ಮೂಲನಿವಾಸಿಗಳಿಗಾಗಿ ಒಂದು ಔತಣ ಏರ್ಪಡಿಸಿದ. ಹೊಟ್ಟೆತುಂಬ ಊಟ, ಒಳ್ಳೆಯ ಮಾತು. ಔತಣದ ಉದ್ದೇಶ ಬೇರೆಯೇ ಇತ್ತು. ಅದೇ ವೇಳೆಗೆ ಅವನು ತೆರೆಯುತ್ತಿದ್ದ ಶಾಲೆಗೆ ಮಕ್ಕಳನ್ನು ಒಪ್ಪಿಸಿ ಎಂದು ತಂದೆತಾಯಿಯರ ಮನವೊಲಿಸಬೇಕಿತ್ತು. ಒಪ್ಪಿಸಿದ ಮೇಲೆ ಮಕ್ಕಳನ್ನು ಬೇಕೆಂದಾಗ ಮನೆಗೆ ಕರೆದುಕೊಂಡು ಹೋಗುವಂತಿರಲಿಲ್ಲ. ಔತಣ ವರ್ಷವರ್ಷವೂ ನಡೆಯಿತು. ಶಾಲೆಯಲ್ಲಿ ಕಲಿತ ಮಕ್ಕಳನ್ನು ಅಲ್ಲಿ ಎಲ್ಲರೆದುರು ತಂದು ನಿಲ್ಲಿಸಿ ತೋರಿಸುತ್ತಿದ್ದರು. 1823ರಲ್ಲಿ ಆ ಶಾಲೆಯನ್ನು ಪಶ್ಚಿಮಕ್ಕೆ ಸ್ಥಳಾಂತರಿಸಿದರು. ಅದರ ಸುತ್ತಣ ಜಾಗವನ್ನು ಬಿಳಿಯರು ‘ಬ್ಲ್ಯಾಕ್ ಟೌನ್’ ಎಂದು ಕರೆದರು. ನಮ್ಮಲ್ಲಿ ಎಷ್ಟೋ ಜನ ಮನೆ ಕಟ್ಟಿಕೊಂಡು, ಗೃಹಪ್ರವೇಶ ಮಾಡಿ, ವಿಳಾಸದಲ್ಲಿ ಬರೆದುಕೊಳ್ಳುತ್ತಿರುವ ಬ್ಲ್ಯಾಕ್‌ಟೌನ್ ಅದೇ. ಶಾಲೆಯಿದ್ದ ಜಾಗ 2018ರಲ್ಲಿ ಆ ನೆಲದ ಮೂಲನಿವಾಸಿಗಳಾದ ದಾರುಗ್ ಜನರಿಗೆ ಮರಳಿತು.

ಇನ್ನೊಂದು ಪ್ರಸಂಗ ಇದಕ್ಕಿಂತ ಹತ್ತಿರದ್ದು. 1938ರ ಜನವರಿ 26. ಬ್ರಿಟಿಷರು ಸಿಡ್ನಿಯಲ್ಲಿ ಬಂದಿಳಿದು 150 ವರ್ಷ ತುಂಬಿದ ಸಂಭ್ರಮ. ಇಳಿದ ಘಟನೆಯನ್ನು ನಾಟಕದಂತೆ ಮತ್ತೆ ಆಡಿ ತೋರಿಸಬೇಕು, ಅದಕ್ಕೆ ‘ಕಪ್ಪು ಜನರು’ ಬೇಕು. ಸಿಡ್ನಿಯ ಮೂಲನಿವಾಸಿಗಳು ಬರುವುದಿಲ್ಲ ಎಂದರು. ಸರ್ಕಾರ ಬಿಡಲಿಲ್ಲ. ರಾಜ್ಯದ ಪಶ್ಚಿಮದ ತುದಿಯಲ್ಲಿರುವ ಮೆನಿಂಡಿಯಿಂದ ಗಂಡಸರನ್ನು ರೈಲಿನಲ್ಲಿ ಕರೆಸಿ, ರೆಡ್‌ಫರ್ನ್‌ನ ಪೊಲೀಸ್ ಬ್ಯಾರಕ್ಕಿನಲ್ಲಿ ಕೂಡಿಹಾಕಿ, ವೇಷ ತೊಡಿಸಿ, ಹಡಗು ಬಂದಾಗ ಹೆದರಿ ಓಡುವ ಪಾತ್ರ ಮಾಡಿಸಿತು. ಅದೇ ದಿನ, ಅದೇ ನಗರದ ಎಲಿಜಬೆತ್ ಬೀದಿಯ ಸಭಾಂಗಣವೊಂದರಲ್ಲಿ ಜ್ಯಾಕ್ ಪ್ಯಾಟನ್, ಬಿಲ್ ಫರ್ಗುಸನ್, ವಿಲಿಯಂ ಕೂಪರ್ ಮೊದಲಾದ ಮೂಲನಿವಾಸಿ ನಾಯಕರು ‘ಶೋಕದಿನ’ ಆಚರಿಸಿ ಸಮಾನ ಪೌರತ್ವ ಕೇಳಿದರು. ಇಂದು ಶಾಲೆಗಳಲ್ಲಿ ನಮ್ಮ ಮಕ್ಕಳೂ ಜುಲೈನಲ್ಲಿ ಆಚರಿಸುವ, ಮೂಲನಿವಾಸಿಗಳ ಸಂಸ್ಕೃತಿಯನ್ನು ಗೌರವಿಸುವ ನೈಡಾಕ್ ಸಪ್ತಾಹದ ಬೇರು ಆ ಸಭೆಯಲ್ಲಿದೆ.

ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಮ್ಯಾಕ್ವಾರಿಯ ಸಾಲಿಗೆ ಸೇರಿಸಲೆಂದಲ್ಲ. ‘ಸಾಂಪ್ರದಾಯಿಕ ವೇಷದಲ್ಲಿ ಬನ್ನಿ, ಐದು ನಿಮಿಷ ಬಾರಿಸಿ ಹೋಗಿ’ ಎಂಬ ಮಿಂಚಂಚೆಯನ್ನು ಓದುವವರ ಮನೆಯಲ್ಲಿ ಮೆನಿಂಡಿಯ ನೆನಪು ಇನ್ನೂ ಹಸಿಯಾಗಿರಬಹುದು. ಬರೆಯುವ ಮುನ್ನ ಅದು ನಮ್ಮ ತಲೆಯಲ್ಲಿರಲಿ ಎಂದಷ್ಟೇ.

ನಾವು ಇದನ್ನೆಲ್ಲ ಅರಿಯದವರೇನೂ ಅಲ್ಲ. ಡೊಳ್ಳು ಕುಣಿತವನ್ನೇ ನೋಡಿ. ಬೀರೇಶ್ವರನ ಆರಾಧನೆಯಲ್ಲಿ ಹುಟ್ಟಿದ, ಇಡೀ ರಾತ್ರಿ ಪದ ಹೇಳಿ ಕುಣಿಯಬಲ್ಲ ಕಲೆ. ನಮ್ಮೂರಿನ ಸರ್ಕಾರಿ ಸಮಾರಂಭಗಳಲ್ಲಿ ಅದಕ್ಕೆ ಸಿಗುವ ಜಾಗ ಯಾವುದು? ಮಂತ್ರಿಗಳು ಕಾರಿನಿಂದ ಇಳಿದು ವೇದಿಕೆಗೆ ನಡೆಯುವ ದಾರಿ. ಪೂರ್ಣಕುಂಭದ ಪಕ್ಕ, ಬಿಸಿಲಿನಲ್ಲಿ. ಅತಿಥಿ ಒಳಗೆ ಹೋದ ಕೂಡಲೇ ಡೊಳ್ಳು ನಿಲ್ಲಬೇಕು, ಏಕೆಂದರೆ ಒಳಗೆ ‘ನಿಜವಾದ’ ಕಾರ್ಯಕ್ರಮ ಶುರುವಾಗುತ್ತದೆ. ಸಿದ್ದಿಗಳ ಡಮಾಮಿಗೂ, ಸೋಲಿಗರ ಗೊರುಕನ ಹಾಡಿಗೂ ಇದೇ ಗತಿ. ಆ ಮೆರವಣಿಗೆಯ ಬುದ್ಧಿಯನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ನಾವು ವಿಮಾನ ಹತ್ತಿ ಬಂದಿದ್ದೇವೆ ಎಂಬುದು ನನ್ನ ಗುಮಾನಿ.

ಇನ್ನು ಪಟ್ಟಿಯ ಸಾಲಿಗೆ ಬರುತ್ತೇನೆ. ಅದರಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಉಸಿರಿನಲ್ಲಿ ಸೇರಿಸಿದ್ದೀರಿ: ಸಂಗೀತ ಮತ್ತು ಸ್ವಾಗತ. ನೆಲದ ಪರವಾಗಿ ಸ್ವಾಗತ ಕೋರುವ ಅಧಿಕಾರ ಆ ನೆಲಕ್ಕೆ ಸೇರಿದ ಹಿರಿಯರಿಗೆ ಮಾತ್ರ ಇರುತ್ತದೆ. ನಮ್ಮ ಸಭಾಂಗಣ ಇರುವುದು ದಾರುಗ್ ನೆಲದಲ್ಲಿ. ನೀವು ಕರೆಯುವ ಗಿಟಾರ್ ವಾದಕ ಉತ್ತರ ಕರಾವಳಿಯ ಗುಂಬಾಯಿಂಗಿರ್ ಜನಕ್ಕೆ ಸೇರಿದವನಾಗಿರಬಹುದು, ಹಾಡುಗಾರ್ತಿ ಟಾರೆಸ್ ಜಲಸಂಧಿಯ ದ್ವೀಪದವಳಾಗಿರಬಹುದು. ಅವರೂ ದಾರುಗ್ ನೆಲದಲ್ಲಿ ನಮ್ಮಂತೆ ಹೊರಗಿನವರೇ. ಸ್ವಾಗತ ಕೋರಿ ಎಂದು ಅವರನ್ನು ಒತ್ತಾಯಿಸಿದರೆ ಅವರ ಕುತ್ತಿಗೆಗೆ ಬರುತ್ತದೆ. ದಾರುಗ್ ಹಿರಿಯರೊಬ್ಬರನ್ನು ಸ್ವಾಗತಕ್ಕೆ ಬೇರೆಯಾಗಿ ಕರೆಯಿರಿ, ಅವರಿಗೂ ಸಂಭಾವನೆ ಕೊಡಿ. ಅವರು ಸಿಗದಿದ್ದರೆ ನೆಲದ ಒಡೆಯರನ್ನು ನೆನೆದು ನಾಲ್ಕು ಮಾತನ್ನು ಅಧ್ಯಕ್ಷರೇ ಹೇಳಬಹುದು. ಅದನ್ನು ಯಾರು ಬೇಕಾದರೂ ಹೇಳಬಹುದು. ಕನ್ನಡದಲ್ಲೇ ಹೇಳಿದರೆ ನನಗಂತೂ ಹೆಚ್ಚು ಸಂತೋಷ. ಅಂತರ್ಜಾಲದಿಂದ ಇಳಿಸಿದ ಇಂಗ್ಲಿಷ್ ಒಕ್ಕಣೆಯನ್ನು ತಡವರಿಸುತ್ತಾ ಓದುವುದನ್ನು ಕೇಳಿ ಕೇಳಿ ಸಾಕಾಗಿದೆ.

ಈ ಸ್ವಾಗತದ ಈಗಿನ ರೂಪ ಎಲ್ಲಿಂದ ಬಂತು ಎಂಬುದು ನಮ್ಮಂಥ ವಲಸಿಗರು ತಿಳಿದಿರಬೇಕಾದ ಸಂಗತಿ. 1976ರಲ್ಲಿ ಪರ್ತ್‌ನ ಕಲೋತ್ಸವವೊಂದಕ್ಕೆ ಪೆಸಿಫಿಕ್ ದ್ವೀಪಗಳಿಂದ ಮಾವೋರಿ ಮತ್ತಿತರ ನರ್ತಕರು ಬಂದಿದ್ದರು. ಆ ನೆಲದ ಜನ ಬರಮಾಡಿಕೊಳ್ಳದೆ ಅಲ್ಲಿ ಕುಣಿಯುವುದು ಅವರ ಸಂಪ್ರದಾಯಕ್ಕೆ ಒಗ್ಗುತ್ತಿರಲಿಲ್ಲ. ಆಗ ರಿಚರ್ಡ್ ವಾಲಿ ಮತ್ತು ಅರ್ನಿ ಡಿಂಗೊ ಎಂಬ ಮೂಲನಿವಾಸಿ ಕಲಾವಿದರು ಹಿರಿಯರ ರೂಢಿಗಳನ್ನು ಆಧರಿಸಿ ಒಂದು ಸ್ವಾಗತ ವಿಧಿಯನ್ನು ರೂಪಿಸಿದರು. ಕೇಳಿದವರು ಅತಿಥಿಗಳು, ಅದೂ ಕಲಾವಿದರು. ಮುಂದೆ 2008ರ ಫೆಬ್ರುವರಿಯಲ್ಲಿ, ಕುಟುಂಬಗಳಿಂದ ಬಲವಂತವಾಗಿ ಬೇರ್ಪಡಿಸಿದ ಮೂಲನಿವಾಸಿ ಮಕ್ಕಳ ವಿಷಯದಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೋರುವ ಹಿಂದಿನ ದಿನ, ಆ ಸಂಸತ್ತಿನ ಅಧಿವೇಶನವೇ ಇಂಥ ಸ್ವಾಗತದಿಂದ ಮೊದಲ ಬಾರಿಗೆ ಆರಂಭವಾಯಿತು. ಜನ ಕುರ್ಚಿ ಹುಡುಕುವಾಗ ಮುಗಿಸಿಬಿಡುವ ಶಾಸ್ತ್ರವಾಗಿ ಅದು ನಮ್ಮಲ್ಲಿ ಉಳಿದಿರುವುದು ನಾಚಿಕೆಯ ವಿಷಯ.

‘ಡಿಜೆರಿಡೂ ಕಡ್ಡಾಯ’ ಎಂದು ಕರಡಿನ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಯಾರೆಂದು ಕೈಬರಹದಿಂದ ಗೊತ್ತಾಯಿತು, ಬಿಡಿ. ಉದ್ದನೆಯ ಮರದ ಕೊಳವೆಯಂಥ ಆ ಊದುವಾದ್ಯ ಉತ್ತರದ ಆರ್ನ್‌ಹೆಮ್ ಲ್ಯಾಂಡಿನ ಕಡೆಯದು. ಅಲ್ಲಿನ ಯೋಲ್ಂಗು ಜನರಿಗೆ ಅದು ಯಿಡಾಕಿ. ಗೆದ್ದಲು ಒಳಗಿನಿಂದ ತಿಂದು ಪೊಳ್ಳು ಮಾಡಿದ ನೀಲಗಿರಿ ಜಾತಿಯ ಮರವನ್ನು ಕಾಡಿನಲ್ಲಿ ತಟ್ಟಿ ತಟ್ಟಿ ನಾದ ಕೇಳಿ ಆರಿಸುತ್ತಾರೆ. ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಲೇ ಕೆನ್ನೆಯಲ್ಲಿ ಹಿಡಿದಿಟ್ಟ ಗಾಳಿಯನ್ನು ಬಾಯಿಂದ ಬಿಡುವ ಉಸಿರಾಟದಿಂದ ನಾದ ಕಡಿಯದೆ ಹರಿಯುತ್ತದೆ. ನಮ್ಮ ನಾಗಸ್ವರದವರಿಗೆ, ಶಹನಾಯಿಯವರಿಗೆ ಈ ವಿದ್ಯೆ ಹೊಸತಲ್ಲ. ಜೊತೆಗೆ ಕೋಲುಗಳ ತಾಳ ಇರುತ್ತದೆ, ಕುಲಕ್ಕೆ ಸೇರಿದ ಹಾಡು ಇರುತ್ತದೆ. ಸಿಡ್ನಿಯ ಸುತ್ತಮುತ್ತ, ಇಡೀ ಆಗ್ನೇಯ ಭಾಗದಲ್ಲಿ ಹಿಂದೆ ಆ ವಾದ್ಯವೇ ಇರಲಿಲ್ಲ. ಇಲ್ಲಿ ತಾಳಕ್ಕೆ ಕೋಲು, ಬೂಮರಾಂಗು. ಹೆಂಗಸರು ಪಾಸಮ್ ಎಂಬ ಪ್ರಾಣಿಯ ಚರ್ಮದ ಹೊದಿಕೆಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಾರಿಸುತ್ತಿದ್ದರು. ಮುಂದೆ ಮರದ ಎಲೆಯನ್ನು ತುಟಿಗಿಟ್ಟು ಊದುವ ವಾದ್ಯತಂಡಗಳೇ ಹುಟ್ಟಿಕೊಂಡವು. 1932ರಲ್ಲಿ ಸಿಡ್ನಿಯ ಹಾರ್ಬರ್ ಸೇತುವೆ ಉದ್ಘಾಟನೆಯಾದಾಗ ವಲಾಗ ಲೇಕ್‌ನ ಎಲೆವಾದ್ಯದ ತಂಡ ಅಲ್ಲಿ ನುಡಿಸಿತ್ತು. ದಾರುಗ್ ನೆಲದಲ್ಲಿ ನಿಂತು ಡಿಜೆರಿಡೂ ಇಲ್ಲದಿದ್ದರೆ ‘ಅಸಲಿ’ ಅಲ್ಲ ಎನ್ನುವುದು, ಮಂಗಳೂರಿನವರನ್ನು ಕರೆದು ವೀರಗಾಸೆ ಯಾಕೆ ಕುಣಿಯಲಿಲ್ಲ ಎಂದು ಕೇಳಿದ ಹಾಗಾಗುತ್ತದೆ.

ಈಗ ಸಿಡ್ನಿಯ ಅನೇಕ ಮೂಲನಿವಾಸಿ ಕಲಾವಿದರು ಡಿಜೆರಿಡೂ ನುಡಿಸುತ್ತಾರೆ, ಚೆನ್ನಾಗಿಯೇ ನುಡಿಸುತ್ತಾರೆ. ನುಡಿಸಲಿ. ಆಯ್ಕೆ ಅವರದಾಗಿರಲಿ ಎಂಬುದಷ್ಟೇ ನನ್ನ ಮಾತು. ಹಿಂದೊಮ್ಮೆ ನಮ್ಮದೇ ಸಮಾರಂಭದಲ್ಲಿ ಒಬ್ಬ ಕಲಾವಿದರು ಕಪ್ಪು ಅಂಗಿ ತೊಟ್ಟು ಗಿಟಾರ್ ಹಿಡಿದು ಬಂದಾಗ ಸ್ವಾಗತ ಸಮಿತಿಯವರ ಮುಖ ಬಾಡಿದ್ದನ್ನು ನಾನು ಮಿಕ್ಸರಿನ ಹಿಂದೆ ನಿಂತು ನೋಡಿದ್ದೇನೆ. ಅವರು ತಮ್ಮ ಅಜ್ಜಿಯ ಮೇಲೆ ಕಟ್ಟಿದ ಹಾಡನ್ನು ಹಾಡುತ್ತಿದ್ದರು. ಮೂರನೆಯ ಚರಣಕ್ಕೆ ನಿರೂಪಕಿಗೆ ‘ಸಮಯವಾಯಿತು’ ಎಂಬ ಚೀಟಿ ಹೋಯಿತು. ಆಮೇಲೆ ಅದೇ ವೇದಿಕೆಯಲ್ಲಿ ಪ್ರಾಯೋಜಕರೊಬ್ಬರು ಗೃಹಸಾಲದ ಬಡ್ಡಿದರದ ಬಗ್ಗೆ ಎಷ್ಟು ಹೊತ್ತು ಮಾತಾಡಿದರು ಎಂಬುದನ್ನು ಕಾರ್ಯದರ್ಶಿಗಳು ನೆನಪಿಸಿಕೊಳ್ಳಲಿ.

ಗಿಟಾರ್ ಅವರಿಗೆ ಹೊರಗಿನದು ಎನ್ನುವಂತಿಲ್ಲ. ಜಿಮ್ಮಿ ಲಿಟಲ್ 1963ರಷ್ಟು ಹಿಂದೆಯೇ ದೇಶವಿಡೀ ಗುನುಗುವ ಗೀತೆ ಹಾಡಿದ್ದರು. ಮರುಭೂಮಿಯ ಪಾಪುನ್ಯಾದಿಂದ ಬಂದ ವಾರುಂಪಿ ಬ್ಯಾಂಡ್ 1983ರಲ್ಲಿ ಮೂಲನಿವಾಸಿ ಭಾಷೆಯಾದ ಲುರಿಟ್ಜಾದಲ್ಲಿ ರಾಕ್ ಹಾಡನ್ನು ಧ್ವನಿಮುದ್ರಿಸಿತು. 1988ರಲ್ಲಿ ಬರುಂಗಾ ಉತ್ಸವದಲ್ಲಿ ಪ್ರಧಾನಿ ಬಾಬ್ ಹಾಕ್ ಅವರಿಗೆ ಮೂಲನಿವಾಸಿಗಳು ತಮ್ಮ ಹಕ್ಕೊತ್ತಾಯದ ಪತ್ರ ಕೊಟ್ಟರು, ಅವರೊಂದಿಗೆ ಒಪ್ಪಂದ ಮಾಡಿಕೊಳ್ಳುವುದಾಗಿ ಪ್ರಧಾನಿ ಮಾತು ಕೊಟ್ಟರು, ಮಾತು ಉಳಿಯಲಿಲ್ಲ. 1991ರಲ್ಲಿ ಯೋತು ಯಿಂಡಿ ತಂಡ ಆ ಮುರಿದ ಮಾತನ್ನೇ ಹಾಡಾಗಿಸಿ ಯಿಡಾಕಿಯನ್ನೂ ವಿದ್ಯುತ್ ಗಿಟಾರನ್ನೂ ಒಟ್ಟಿಗೆ ಮೊಳಗಿಸಿತು. ಹುಟ್ಟು ಕುರುಡರಾಗಿದ್ದ ಗುರ್ರುಮುಲ್ ಎಲ್ಕೊ ದ್ವೀಪದಿಂದ ಬಂದು ತಮ್ಮ ತಾಯ್ನುಡಿಯಲ್ಲೇ ಹಾಡಿದರು. ಅವರು 2017ರಲ್ಲಿ ತೀರಿಕೊಂಡ ಮೇಲೆ, 2018ರಲ್ಲಿ ಹೊರಬಂದ ಅವರ ಕೊನೆಯ ಆಲ್ಬಂ ಆಸ್ಟ್ರೇಲಿಯಾದ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಲ್ಲಿನ ಮೂಲಭಾಷೆಯ ಆಲ್ಬಂ ಒಂದಕ್ಕೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ತೀರಿಕೊಂಡವರ ಹೆಸರನ್ನು ಕೆಲಕಾಲ ಉಚ್ಚರಿಸಬಾರದೆಂಬುದು ಅವರ ಜನರ ರೂಢಿ. ಅವರ ಸಂಗೀತ ಮುಂದುವರಿಯಲೆಂದು ಕುಟುಂಬದವರು ಹೆಸರನ್ನೂ ಚಿತ್ರವನ್ನೂ ಬಳಸಲು ಒಪ್ಪಿದ್ದರಿಂದಲೇ ನಾನಿಲ್ಲಿ ಬರೆದಿದ್ದೇನೆ. ಇಂದಿನ ಹುಡುಗರಿಗೆ ಬೇಕರ್ ಬಾಯ್ ಗೊತ್ತು, ಯೋಲ್ಂಗು ಭಾಷೆಯಲ್ಲಿ ರ‍್ಯಾಪ್ ಹಾಡುವವನು. ನಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ, ಅವರಿಗೆ ನಮಗಿಂತ ಹೆಚ್ಚು ತಿಳಿದಿದೆ.

ಭಾಷೆಯ ಮಾತು ಬಂದಿದ್ದರಿಂದ ಇದೊಂದನ್ನು ಹೇಳದೆ ಇರಲಾರೆ. ಬ್ರಿಟಿಷರು ಬಂದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. 2021ರ ಜನಗಣತಿಯಲ್ಲಿ ಮನೆಯಲ್ಲಿ ಮೂಲಭಾಷೆಯೊಂದನ್ನು ಆಡುತ್ತೇವೆ ಎಂದವರು ಸುಮಾರು 77 ಸಾವಿರ ಜನ, ಅದೂ ಎಲ್ಲ ಭಾಷೆಗಳೂ ಸೇರಿ. ದಾರುಗ್ ಭಾಷೆಯನ್ನು ಹಳೆಯ ಬರಹಗಳಿಂದ, ಹಿರಿಯರ ನೆನಪಿನಿಂದ ಹೆಕ್ಕಿ ಹೆಕ್ಕಿ ಮತ್ತೆ ಕಲಿಯುತ್ತಿದ್ದಾರೆ, ಹಾಡು ಕಟ್ಟಿ ಮಕ್ಕಳ ಬಾಯಿಗೆ ಹಾಕುತ್ತಿದ್ದಾರೆ. ಭಾನುವಾರದ ಕನ್ನಡ ಶಾಲೆಗೆ ಮಕ್ಕಳನ್ನು ಎಳೆದೊಯ್ಯುವ ನಮಗೆ ಅವರೊಡನೆ ಮಾತನಾಡಲು ಬೇರೆ ವಿಷಯವೇ ಬೇಡ. ಆ ಮಾತುಕತೆಗೆ ನಮ್ಮ ವೇದಿಕೆಯಲ್ಲಿ ಅರ್ಧ ಗಂಟೆ ಕೊಡಲಾಗದೆ?

ಕೆಲವು ಸಣ್ಣಪುಟ್ಟ ಸಂಗತಿಗಳು. ಧೂಪದಂತೆ ಎಲೆಗಳನ್ನು ಹೊಗೆಯಾಡಿಸುವ ವಿಧಿ ಬೇಕಿದ್ದರೆ ಸಭಾಂಗಣದ ಹೊರಗೆ, ನಗರಸಭೆಯ ಅನುಮತಿ ಪಡೆದು ಮಾಡಿ. ಒಳಗೆ ಹೊಗೆಯಾದರೆ ಅಗ್ನಿಶಾಮಕ ದಳವೇ ಬಂದು ನಿಲ್ಲುತ್ತದೆ, ಅದರ ಬಿಲ್ಲೂ ನಮಗೇ. ಹಾಡು ಮುಗಿದ ಮೇಲೆ ‘ಮಕ್ಕಳೇ ಬನ್ನಿ, ಒಬ್ಬೊಬ್ಬರಾಗಿ ಇದನ್ನು ಊದಿ’ ಎಂದು ನಿರೂಪಕರು ಅವರ ವಾದ್ಯಕ್ಕೆ ಕೈಹಾಕುವುದು ಬೇಡ. ಹೆಣ್ಣುಮಕ್ಕಳು ಅದನ್ನು ಊದುವುದು ಅನೇಕ ಸಮುದಾಯಗಳಲ್ಲಿ ನಿಷಿದ್ಧ, ಮತ್ತು ಬೇಡ ಎಂದು ಸಾವಿರ ಜನರೆದುರು ಹೇಳಬೇಕಾದ ಸಂಕಟವನ್ನು ಅತಿಥಿಗೆ ತರಬಾರದು. ಫೇಸ್‌ಬುಕ್ ನೇರಪ್ರಸಾರಕ್ಕೆ ಮೊದಲೇ ಕೇಳಿ. ಕುಲಕ್ಕೆ ಸೇರಿದ ಹಾಡಾದರೆ ಅದರ ಒಡೆತನ ಒಬ್ಬ ಹಾಡುಗಾರನದಾಗಿರುವುದಿಲ್ಲ. ಧ್ವನಿಮುದ್ರಣಕ್ಕೆ ಹಿರಿಯರ ಒಪ್ಪಿಗೆ ಬೇಕಾಗಬಹುದು. ಮೂಲನಿವಾಸಿ ಕಲೆಗಳ ಜೊತೆ ವ್ಯವಹರಿಸುವ ಬಗ್ಗೆ ಇಲ್ಲಿನ ಕಲಾ ಮಂಡಳಿ ಸ್ಪಷ್ಟ ಕೈಪಿಡಿಯನ್ನೇ ಹೊರತಂದಿದೆ, ಉಚಿತವಾಗಿ ಸಿಗುತ್ತದೆ, ಸಮಿತಿಯ ಒಬ್ಬರಾದರೂ ಓದಲಿ. ಸ್ಮರಣಿಕೆಯಾಗಿ ಪ್ರವಾಸಿ ಅಂಗಡಿಯ ಚುಕ್ಕೆ ಬಳಿದ ಬೂಮರಾಂಗನ್ನು ಯಾರಿಗೂ ಕೊಡಬೇಡಿ. ಅಂಥ ಸ್ಮರಣಿಕೆಗಳ ವಹಿವಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಎಂದು ಇಲ್ಲಿನ ಉತ್ಪಾದಕತಾ ಆಯೋಗವೇ 2022ರಲ್ಲಿ ವರದಿ ಮಾಡಿದೆ.

ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟವನ್ನೂ ತೊಡಿಸಿ. ನಮ್ಮ ಪದ್ಧತಿ ಅದು, ಚೆಂದವಾಗಿದೆ. ಅದು ಸಂಭಾವನೆಯ ಬದಲಿಗೆ ಅಲ್ಲ, ಸಂಭಾವನೆಯ ಮೇಲೆ. ‘ಸಮುದಾಯದ ಸೇವೆ ಎಂದು ಬರುತ್ತಾರೆ’ ಎನ್ನುವವರು ಒಮ್ಮೆ ಬೆಂಗಳೂರಿನ ಗಾಯಕರಿಗೆ ಇದೇ ಮಾತು ಹೇಳಿ ನೋಡಲಿ. ಹಣ ಎಲ್ಲಿಂದ ಎಂದು ಖಜಾಂಚಿಗಳು ಕೇಳುತ್ತಾರೆ. ಬಹುಸಂಸ್ಕೃತಿ ಕಾರ್ಯಕ್ರಮಗಳಿಗೆಂದು ನಗರಸಭೆಯಿಂದ ಅನುದಾನ ಪಡೆಯುವಾಗ ನಮ್ಮ ಅರ್ಜಿಯಲ್ಲಿ ‘ಮೂಲನಿವಾಸಿ ಕಲಾವಿದರ ಸಹಭಾಗಿತ್ವ’ ಎಂಬ ಸಾಲು ದಪ್ಪಕ್ಷರದಲ್ಲಿ ಇರುತ್ತದೆ. ಅವರ ಹೆಸರಿನಲ್ಲಿ ಬಂದ ಹಣದಲ್ಲಿ ಅವರಿಗೊಂದು ಪಾಲು ಕೇಳುವುದು ಅಧಿಕಪ್ರಸಂಗವಾಗಲಾರದು.

ಕೊನೆಯದಾಗಿ ಜನವರಿಯ ವಿಷಯ. 26ರಂದು ಉದ್ಯಾನದಲ್ಲಿ ‘ಜೋಡಿ ಹಬ್ಬ’ ಮಾಡಿ, ಗಣರಾಜ್ಯೋತ್ಸವ ಮತ್ತು ಆಸ್ಟ್ರೇಲಿಯಾ ದಿನ ಎರಡನ್ನೂ ಆಚರಿಸಿ, ಅಲ್ಲಿಗೂ ಅದೇ ಕಲಾವಿದರನ್ನು ಕರೆಸುವ ಯೋಚನೆ ಸಮಿತಿಗಿದೆ ಎಂದು ಕೇಳಿದೆ. ದಯವಿಟ್ಟು ಕೈಬಿಡಿ. 1950ರ ಆ ದಿನ ನಾವು ಬ್ರಿಟಿಷ್ ರಾಜನನ್ನು ಪೂರ್ತಿಯಾಗಿ ಕಳಚಿಕೊಂಡೆವು. 1788ರ ಅದೇ ದಿನ ಅದೇ ಬ್ರಿಟಿಷರ ಧ್ವಜ ಸಿಡ್ನಿಯ ದಂಡೆಯ ಮೇಲೆ ಏರಿತ್ತು. ನಮ್ಮ ತ್ರಿವರ್ಣವನ್ನು ಹೆಮ್ಮೆಯಿಂದ ಹಾರಿಸೋಣ, ಸಂವಿಧಾನದ ಪೀಠಿಕೆ ಓದೋಣ, ಉಪ್ಪಿಟ್ಟು ಕೇಸರಿಬಾತು ತಿನ್ನೋಣ. ಅವರು ಶೋಕವೆಂದು ಕರೆಯುವ ದಿನ ಅವರನ್ನೇ ಕರೆದು ಹಾಡಿಸುವುದು ಬೇಡ. ಆ ದಿನ ಅವರ ಸಂಗೀತ ಕೇಳಲೇಬೇಕೆಂದರೆ ಮಧ್ಯಾಹ್ನ ಕ್ಯಾಂಪರ್‌ಡೌನ್‌ನ ವಿಕ್ಟೋರಿಯಾ ಪಾರ್ಕಿಗೆ ಹೋಗೋಣ. ಈ ಶತಮಾನದ ಆರಂಭದಿಂದ ಅಲ್ಲಿನ ಮೂಲನಿವಾಸಿಗಳೇ ನಡೆಸಿಕೊಂಡು ಬಂದಿರುವ ಯಾಬುನ್ ಉತ್ಸವವಿದೆ. ವೇದಿಕೆ ಅವರದು, ಪಟ್ಟಿ ಅವರದು, ನಿಮಿಷ ಎಣಿಸುವವರೂ ಅವರೇ. ನಾವು ಹುಲ್ಲಿನ ಮೇಲೆ ಕೂತು ಕೇಳಬಹುದು. ಸಂಘದ ಬ್ಯಾನರ್ ಹಿಡಿದು ಹೋಗುವ ಅಗತ್ಯವಿಲ್ಲ, ಫೋಟೊ ತೆಗೆಸಿಕೊಳ್ಳುವ ಅಗತ್ಯವಂತೂ ಇಲ್ಲವೇ ಇಲ್ಲ.

ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಪತ್ರವನ್ನು ವಿಷಯಪಟ್ಟಿಗೆ ಸೇರಿಸಬೇಕೆಂದು ವಿನಂತಿ. ನಾನು ಕೇಳುವುದು ಮೂರು ತಿದ್ದುಪಡಿ: ಮಕ್ಕಳ ನೃತ್ಯ ಮುಗಿದು ಸಭಾಂಗಣ ತುಂಬಿರುವ ಹೊತ್ತಿಗೆ 30 ನಿಮಿಷ, ಮುಂಗಡ ಸಹಿತ ಲಿಖಿತ ಸಂಭಾವನೆ, ವೇಷ ಮತ್ತು ವಾದ್ಯದ ನಿಬಂಧನೆ ರದ್ದು. ರಸಸಂಜೆಯಿಂದ ಕಾಲುಗಂಟೆ ಕಡಿತವಾದರೆ ಗಾಯಕರು ಬೇಸರಿಸಿಕೊಳ್ಳುವುದಿಲ್ಲ, ನಾನೇ ಮಾತನಾಡುತ್ತೇನೆ. ಉಳಿದ ಕಾಲುಗಂಟೆಯನ್ನು ಪ್ರಾಯೋಜಕರ ಭಾಷಣದಿಂದ ತೆಗೆಯಿರಿ. ಕಲಾವಿದರು ಮಧ್ಯಾಹ್ನ ಮೂರಕ್ಕೆ ಬಂದರೆ ಮೈಕು ಪರೀಕ್ಷೆಗೆ ನಾನು ಸಿದ್ಧವಾಗಿರುತ್ತೇನೆ. ಆ ಹೊತ್ತಿಗೆ ರಂಗೋಲಿ ಹಾಕುವವರು ವೇದಿಕೆ ಬಿಟ್ಟುಕೊಡಬೇಕು, ಅದನ್ನೂ ಈಗಲೇ ಅವರಿಗೆ ತಿಳಿಸಿಬಿಡಿ.

ಇಂತಿ,
ನಿಮ್ಮ ವಿಶ್ವಾಸಿ,
ಸಂಘದ ಆಜೀವ ಸದಸ್ಯ ಮತ್ತು ಧ್ವನಿ ವ್ಯವಸ್ಥೆಯ ಸ್ವಯಂಸೇವಕ